ಬಿಸಿಲಿಗೆ ಪ್ರವೇಶ ನಿಷೇಧಿಸಿದ ಕಟ್ಟಡಾಧಿಕಾರಿಗಳಿಗೆ

ಮಾನ್ಯರೇ,

ಸಂಶೋಧನಾಲಯದ ಗೋಡೆ, ನಲ್ಲಿ, ಚಿಲಕಗಳ ಯೋಗಕ್ಷೇಮವನ್ನು ಹಗಲಿರುಳೂ ಹೊತ್ತಿರುವ ತಮಗೆ ಮೇಲಿನ ಮಹಡಿಯ ರಸಾಯನ ಕೊಠಡಿಯ ಸಂಶೋಧಕಿಯೊಬ್ಬಳ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮಗೆ ನೆಗಡಿಯಾಗಿದ್ದರೂ ಅದರ ಬಗ್ಗೆ ಒಂದು ಸುತ್ತೋಲೆ ಬಂದಿರುತ್ತಿತ್ತು.

ನಮ್ಮ ಕೆಲಸವೇನೆಂದು ತಾವು ಎಂದೂ ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡು ಬೆಂಜೀನ್ ಉಂಗುರಗಳ ನಡುವೆ ಒಂದು ಆಮ್ಲಜನಕವನ್ನು ಕೊಂಡಿಯಾಗಿ ಸಿಕ್ಕಿಸಿದರೆ ಆಗುವುದೇ ಆರೊಮ್ಯಾಟಿಕ್ ಈಥರ್. ಆದರೆ ಸಿಕ್ಕಿಸಬೇಕಾದ ಜಾಗದಲ್ಲಿ ಕ್ಲೋರಿನ್ ಉಡದ ಪಟ್ಟು ಹಿಡಿದು ಕೂತಿರುತ್ತದೆ. ಕುದಿಸಿ ಕಾಯಿಸಿ ಓಡಿಸಹೋದರೆ ನಾಜೂಕಿನ ಅಣುಗಳು ಸೀದುಹೋಗುತ್ತವೆಂದು ನಾವು ಕಬ್ಬಿಣದ ಒಂದು ಸಂಯುಕ್ತವನ್ನು ಉಂಗುರದ ಬೆನ್ನೇರಿಸುತ್ತೇವೆ. ಅದು ಉಂಗುರದ ಎಲೆಕ್ಟ್ರಾನುಗಳನ್ನು ತನ್ನತ್ತ ಜಗ್ಗುತ್ತಲೇ ಕ್ಲೋರಿನ್ನಿನ ಹಿಡಿತ ಸಡಿಲವಾಗಿ, ಇನ್ನೊಂದು ಉಂಗುರವಾದ ಫೀನಾಲ್ ತನ್ನ ಆಮ್ಲಜನಕದೊಂದಿಗೆ ಬಂದು ಸಲೀಸಾಗಿ ಆ ಜಾಗದಲ್ಲಿ ಕೂರುತ್ತದೆ. ಆಮೇಲೆ ಕಬ್ಬಿಣ ಕೆಳಗಿಳಿಯಬೇಕು. ಬೈದರೂ ಬೇಡಿದರೂ ಇಳಿಯದ ಅದು ಬೆಳಕು ಬಿದ್ದರೆ ಮಾತ್ರ ಇಳಿಯುತ್ತದೆ. ಸುಟ್ಟುಹೋದ ನಮ್ಮ ದೀಪದ ಅರ್ಜಿ ತಮ್ಮ ಮೇಜಿನ ಮೇಲೆ ಸುಖನಿದ್ರೆಯಲ್ಲಿದ್ದುದರಿಂದ, ನಾವು ದ್ರಾವಣ ತುಂಬಿದ ಗಾಜಿನ ಬುಡ್ಡಿಯನ್ನು ಕಿಟಕಿಯಲ್ಲಿಟ್ಟು ಬಿಸಿಲನ್ನೇ ನಂಬಿಕೊಂಡಿದ್ದೆವು.

ಅಷ್ಟರಲ್ಲಿ ರಜೆ ಬಂತು, ಮತ್ತು ರಜೆಯಲ್ಲಿ ತಾವು ಬಂದಿರಿ. ಗಾಜುಗಳಿಗೆಲ್ಲ ಬಿಸಿಲು ತಡೆಯುವ ಹೊಗೆಬಣ್ಣದ ತೆಳುಹಾಳೆ ಅಂಟಿಸಿ, ಈ ಬಾರಿ ಮಾತ್ರ ಸುತ್ತೋಲೆಯನ್ನು ಮರೆತಿರಿ. ಕಿಟಕಿ ಮಬ್ಬಾಗಿರುವುದು ನಮಗೂ ಕಂಡಿತು. ತೊಳೆದು ಯಾವ ಕಾಲವಾಯಿತೋ ಎಂದುಕೊಂಡು ಪಾಪದ ಧೂಳನ್ನು ದೂರಿದೆವು.

ಅಂದಿನಿಂದ ಕಬ್ಬಿಣ ಇಳಿಯಲೇ ಇಲ್ಲ. ಪರಿಶೀಲನಾ ಸಮಿತಿ ಬರುವಷ್ಟರಲ್ಲಿ ಒಂದಾದರೂ ಶುದ್ಧ ಈಥರ್ ತೋರಿಸದಿದ್ದರೆ ನಮ್ಮ ಕೊಠಡಿಯನ್ನು ಮುರಿದ ಕುರ್ಚಿಗಳ ಉಗ್ರಾಣ ಮಾಡಲಾಗುವುದೆಂದು ತಾವೇ ಪ್ರೀತಿಯಿಂದ ಬರೆದಿದ್ದಿರಿ. ನನ್ನ ಜೊತೆ ಕೆಲಸ ಮಾಡುವ, ನಾವೆಲ್ಲ 'ಗಡಿಬಿಡಿ' ಎಂದು ಕರೆಯುವ ಗೆಳೆಯನಿಗೆ ನಾನು, "ಬುಡ್ಡಿ ಸರಿಯಾಗಿ ತೊಳ್ದಿಲ್ಲ ನೀನು" ಎಂದೆ. ಅವನು, "ನೀನು ಫೀನಾಲ್ ತೂಗೋದನ್ನ ನಾನೂ ನೋಡಿದೀನಿ ಬಿಡು" ಎಂದ. ಮಾತಿಗೆ ಮಾತು ಬೆಳೆದು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವರು ಮಾತು ಬಿಟ್ಟೆವು. ಅವನಿಗೆ ನಾನು, ನನಗೆ ಅವನು ಏನು ಹೇಳಬೇಕಿದ್ದರೂ ನಮ್ಮ ಮಾರ್ಗದರ್ಶಕಿ ಮೇಡಂ ಮೂಲಕವೇ ಹೇಳತೊಡಗಿದಾಗ ಅವರು ರೇಗಿ, "ನಾನೇನು ನಿಮ್ಮಿಬ್ಬರ ಮಧ್ಯದ ಆಮ್ಲಜನಕಾನಾ?" ಎಂದರು.

ಆ ಸಿಟ್ಟನ್ನು ನಾನು ಕಿಟಕಿಯ ಮೇಲೆ ತೀರಿಸಿಕೊಂಡೆ. ಒದ್ದೆ ಬಟ್ಟೆಯಿಂದ ಗಾಜನ್ನು ತಿಕ್ಕಿದ ರಭಸಕ್ಕೆ ಹಾಳೆಯ ಮೂಲೆ ಕಿತ್ತು ಬಂದು, ಬೆರಳಗಲದ ಬಿಸಿಲು ಮೇಜಿನ ಮೇಲೆ ಬಿತ್ತು. ಗಡಿಬಿಡಿ ಅದನ್ನು ನೋಡಿದ, ನನ್ನನ್ನು ನೋಡಿದ. "ಲೇ, ನಾವು ಸುಮ್ನೆ ಕಚ್ಚಾಡಿದ್ವಾ?" ಎಂದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಹಾಳೆ ಕೀಳುವುದು ಶಿಕ್ಷಾರ್ಹವೆಂದು ಹಾಳೆಯ ಒಳಮೈಯಲ್ಲೇ ಅಚ್ಚಾಗಿತ್ತು. ಸರಿ, ಮುಚ್ಚಳ ಬಿಗಿದ ಬುಡ್ಡಿಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ತಾರಸಿಗೆ ಹೊರಟೆವು. ಕಾವಲುಗಾರ ಅಡ್ಡ ನಿಂತು, "ಸಾಹೇಬ್ರ ಸಹಿ ಬೇಕು" ಎಂದ. ಸಾಹೇಬರು, ಅಂದರೆ ತಾವು, ಎಲ್ಲಿ ಎಂದರೆ, ಸೌರಶಕ್ತಿಯ ಸದುಪಯೋಗ ಕುರಿತ ವಿಚಾರ ಸಂಕಿರಣಕ್ಕೆ ಹೋಗಿದ್ದಿರಿ.

ಇನ್ನು ಇಡೀ ಆವರಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವ ಜಾಗವೆಂದರೆ, ಹಕ್ಕಿಗಳು ಗಲೀಜು ಮಾಡುತ್ತವೆಂದು ಮರ ಕಡಿಸಿ ತಾವು ಸಿದ್ಧಪಡಿಸಿಕೊಂಡಿದ್ದ, ತಮ್ಮ ಕಾರು ನಿಲ್ಲುವ ಜಾಗ. ನಾವು ಅಲ್ಲಿ ಬಕೆಟ್ಟು ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ತಾವು ಬಂದು ಹಾರ್ನ್ ಮಾಡಿದ್ದು, ಮೇಡಂ ಛತ್ರಿ ಹಿಡಿದು ಕಾರಿಗೆ ಎದುರಾಗಿ ನಿಂತು "ಸ್ವಲ್ಪ ತಡ್ಕೊಳ್ಳಿ ಸಾರ್, ಕಬ್ಬಿಣ ಇನ್ನೂ ಇಳೀತಾ ಇದೆ" ಎಂದದ್ದು, ತಾವು ಕಾರನ್ನು ದೂರ ನಿಲ್ಲಿಸಿ ಬೆವರೊರೆಸುತ್ತ ನಡೆದು ಬಂದದ್ದು ತಮಗೆ ನೆನಪಿರಬಹುದು. ವಿಜ್ಞಾನಕ್ಕಾಗಿ ಅಷ್ಟು ದೂರ ನಡೆದ ಅಧಿಕಾರಿ ಬೇರೊಬ್ಬರಿಲ್ಲ.

ಬುಡ್ಡಿಯೊಳಗಿನ ಬಣ್ಣ ಬದಲಾಗಿತ್ತು. ಕಬ್ಬಿಣದ ಕೆಸರು ಸೋಸಿ, ದ್ರಾವಕ ಆವಿಮಾಡಿ, ಶುದ್ಧಗೊಳಿಸಿದಾಗ ತಳದಲ್ಲಿ ಈಥರ್ ಉಳಿಯಿತು. ಒಳ್ಳೆಯ ಸೋಪಿನಂಥ ಜೆರೇನಿಯಂ ಹೂವಿನ ಪರಿಮಳ ಕೊಠಡಿ ತುಂಬಿತು. ಸಂಸ್ಥೆಯ ಯಂತ್ರಗಳೂ ಹೌದೆಂದವು. ಸಮಿತಿಯ ಹಿರಿಯರು ಬಂದವರೇ ಮೂಗರಳಿಸಿ, "ಕುರ್ಚಿ ಇಲ್ಲಿಗ್ಯಾಕ್ರೀ ತರ್ತೀರಿ? ಇವ್ರನ್ನ ಬಿಟ್ಬಿಡಿ" ಎಂದಾಗ ಗಡಿಬಿಡಿ ನನ್ನ ಕೈ ಹಿಡಿದು ಕುಣಿದೇಬಿಟ್ಟ. ಮೇಡಂ ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡರು.

ಆದ್ದರಿಂದ ತಮ್ಮಲ್ಲಿ ಬೇಡುವುದಿಷ್ಟೆ. ಸೂರ್ಯನಿಗೆ ಒಂದು ಗುರುತಿನ ಚೀಟಿ ಕೊಡಿಸಿ, ಅವನು ಮುಖ್ಯದ್ವಾರದಲ್ಲಿ ಸಹಿ ಹಾಕಿಯೇ ಒಳಬರುವಂತೆ ಏರ್ಪಾಡು ಮಾಡಬೇಕು. ಮೋಡಗಳಿಗೂ ಒಂದು ಸುತ್ತೋಲೆ ಹೊರಡಿಸಬೇಕು. ಅದಾಗದಿದ್ದರೆ ನಮ್ಮ ಒಂದು ಕಿಟಕಿಯ ಹಾಳೆಯನ್ನಾದರೂ ಕೀಳಿಸಬೇಕು. ಮೂರರಲ್ಲಿ ಇದೇ ಕಷ್ಟದ್ದೆಂದು ಬಲ್ಲೆ.

ತಮ್ಮ ನೆರಳಿನಲ್ಲೂ ಬಾಡದೆ ಉಳಿದ,
ತಮ್ಮ ವಿಶ್ವಾಸಿ,
ಮೇಲಿನ ಮಹಡಿಯ ಸಂಶೋಧಕಿ

ತಾ.ಕ.: ಇಡೀ ಕಟ್ಟಡದಲ್ಲಿ ಹಾಳೆ ಕಾಣದ ಗಾಜು ತಮ್ಮ ಕಚೇರಿಯದೊಂದೇ ಎಂದು ಈಗಷ್ಟೇ ತಿಳಿಯಿತು. ಸೋಮವಾರದಿಂದ ನಮ್ಮ ಬುಡ್ಡಿಗಳು ತಮ್ಮ ಕಿಟಕಿಗೇ ಬರಲಿವೆ. ದಯವಿಟ್ಟು ಅವುಗಳ ಮೇಲೆ ಕಡತ ಇಡಬೇಡಿ.