ಅಮೆರಿಕದ ಶಾಸಕರೂ ನಮ್ಮ ಹನ್ನೊಂದನೇ ಮಹಡಿಯೂ

ದೊಡ್ಡವರ ಜೊತೆ ಕೆಲಸಕ್ಕೆ ಬಿದ್ದರೆ ಇಂಥವು ಆಗುತ್ತಲೇ ಇರುತ್ತವೆ. ಕೊರೊನಾ ಕಾಲದಲ್ಲಿ ನಾನು ಮಲೇಷ್ಯಾದ ಸೈಬರ್‌ಜಯಾದ ಮನೆಯಿಂದಲೇ ಅಮೆರಿಕದ ಒಬ್ಬ ಶಾಸಕರ ವಿಡಿಯೊ ಮೀಟಿಂಗ್ ನೋಡಿಕೊಳ್ಳುತ್ತಿದ್ದೆ. ನಲವತ್ತು ವರ್ಷ ಬಿಡದೆ ಗೆದ್ದವರು, ಕಂಪ್ಯೂಟರ್ ಎದುರು ಮಾತ್ರ ದಿನಾ ಸೋಲುತ್ತಿದ್ದರು. ಅವರ ಸಂಜೆ ನನಗೆ ಬೆಳಗಿನ ಕಾಫಿ ಹೊತ್ತು.

೧. ಕೈಕುಲುಕು

ಮೊದಲ ದಿನ ಮಾತು ಮುಗಿದದ್ದೇ ತಡ, ಅಭ್ಯಾಸಬಲದಿಂದ ಸ್ಕ್ರೀನಿಗೇ ಕೈ ಚಾಚಿದರು. ದೊಡ್ಡವರು ಚಾಚಿದ ಕೈ ಬಿಡಲಾದೀತೇ? ನಾನೂ ಚಾಚಿದೆ. ಮರುದಿನ ದೂರು: "ನಾನು ಎಲ್ಲರಿಗೂ ಮಂಜುಮಂಜಾಗಿ ಕಾಣ್ತೀನಂತೆ." ನೋಡಿದರೆ ಕ್ಯಾಮೆರಾ ತುಂಬ ಅವರದೇ ಹೆಬ್ಬೆರಳಿನ ಗುರುತು. "ಒರೆಸಿ ಸರ್" ಅಂದೆ.

ಕನ್ನಡಕ ತೆಗೆದು ಒರೆಸಿಕೊಂಡರು.

೨. ಕೆಂಪು ಬಕೆಟ್

ಭಾಷಣಕ್ಕೆ ಮೂರೇ ನಿಮಿಷ. ಸದನದಲ್ಲಾದರೆ ಹೊತ್ತು ಮೀರಿದಾಗ ಕೆಂಪು ದೀಪ ಹತ್ತುತ್ತಿತ್ತಂತೆ. ಅಭ್ಯಾಸ ಮಾಡಿಸುವಾಗ ದೀಪದ ಬದಲು ನಾನು ಬಚ್ಚಲಿನ ಕೆಂಪು ಬಕೆಟ್ ಎತ್ತಿ ಹಿಡಿದೆ. ಹತ್ತು ನಿಮಿಷ ಹಿಡಿದು ತೋಳು ಬಿದ್ದುಹೋಯಿತು.

"ಸರ್, ಕೆಂಪು ಕಾಣಲಿಲ್ವಾ?"

"ಕಾಣ್ತು. ನಲವತ್ತು ವರ್ಷದಿಂದ ಕಾಣ್ತಾನೇ ಇದೆ."

೩. ಲಿಫ್ಟು

ಪ್ರತಿ ಕರೆಯ ಕೊನೆಗೂ ಅವರದು ಒಂದೇ ಪ್ರಶ್ನೆ: "ನಿಮಗೇನು ಮಾಡಿಕೊಡಲಿ?" ಮತದಾರರನ್ನು ಕೇಳಿ ಕೇಳಿ ನಾಲಿಗೆಗೆ ಅಂಟಿದ್ದು. ನಾನು "ಏನೂ ಬೇಡ ಸರ್" ಅನ್ನುತ್ತಿದ್ದೆ.

ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ಅಮ್ಮ, ವಿಮಾನ ನಿಂತು ನಮ್ಮ ಹನ್ನೊಂದನೇ ಮಹಡಿಯಲ್ಲೇ ಉಳಿದಿದ್ದಳು. ಕೊನೆಗೂ ಅವಳ ಲಸಿಕೆಗೆ ಗುರುವಾರ ನಿಗದಿಯಾಯಿತು. ಅವಳಿಗೋ ಮಂಡಿನೋವು, ಲಿಫ್ಟು ಕೆಟ್ಟು ಮೂರು ವಾರ. ಕಟ್ಟಡದ ಮ್ಯಾನೇಜರನ್ನು ಕೇಳಿದಾಗಲೆಲ್ಲ, ಮಾತಿನ ಬಾಲಕ್ಕೆ ಇಲ್ಲಿಯವರ "ಲಾ" ಅಂಟಿಸಿ, "ನಾಳೆ ಲಾ, ಬಾಸ್."

ಸೋಮವಾರ ಶಾಸಕರು ಮಾಮೂಲಿನಂತೆ ಕೇಳಿದಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವರು ಪೆನ್ನು ತೆಗೆದರು. "ಮ್ಯಾನೇಜರ್ ಇಮೇಲ್ ಹೇಳಿ."

ಮರುದಿನ ಮ್ಯಾನೇಜರ್ ಹನ್ನೊಂದೂ ಮಹಡಿ ಹತ್ತಿ, ಮಾಸ್ಕಿನೊಳಗೇ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅಮೆರಿಕದ ಲಾಂಛನವಿದ್ದ ಪತ್ರದ ಪ್ರಿಂಟು.

"ಬಾಸ್, ಒಂದು ಲಿಫ್ಟಿಗೆ ಅಮೆರಿಕಾ ತನಕ ಯಾಕೆ ಹೋದ್ರಿ ಲಾ? ನನಗೊಂದು ಮಾತು ಹೇಳಿದ್ರೆ ಸಾಕಿತ್ತಲ್ಲ!"

೪. ಅಮ್ಮನ ಅರ್ಜಿ

ಬುಧವಾರ ಲಿಫ್ಟು ಓಡಿತು, ಗುರುವಾರ ಅಮ್ಮನಿಗೆ ಲಸಿಕೆ ಆಯಿತು. ಅವಳ ತೋಳಿನ ಪುಟ್ಟ ಪ್ಲಾಸ್ಟರ್ ನೋಡಿ ನನಗೆ ಕಣ್ಣು ತುಂಬಿತು. ನಮ್ಮದೊಂದು ವೋಟೂ ಇಲ್ಲ, ಆದರೂ ಮಾಡಿದರಲ್ಲ ಪುಣ್ಯಾತ್ಮ!

ಶುಕ್ರವಾರ ಅಮ್ಮ ಕ್ಯಾಮೆರಾಕ್ಕೆ ಕೈ ಮುಗಿದಳು. "ಅವರ ಹೊಟ್ಟೆ ತಣ್ಣಗಿರಲಿ ಅಂತ ಹೇಳೋ." ಹೇಳಿದೆ. ಶಾಸಕರ ಮುಖ ಅರಳಿತು. "ಅಮ್ಮನಿಗೆ ಇನ್ನೇನು ಮಾಡಿಕೊಡಲಿ?"

ಅಮ್ಮ ಕಾದೇ ಇದ್ದಳು. "ಮೈಸೂರಲ್ಲಿ ನಮ್ಮ ಬೀದಿ ಮೋರಿ ಇಪ್ಪತ್ತು ವರ್ಷದಿಂದ ಕಟ್ಕೊಂಡಿದೆ. ಅದಕ್ಕೂ ಒಂದು ಕಾಗದ ಬರೀಲಿ."

"ಸುಮ್ನಿರಮ್ಮ" ಅಂದರೂ ಬಿಡಲಿಲ್ಲ. ಸಂಕೋಚದಿಂದಲೇ ಇಂಗ್ಲಿಷಿನಲ್ಲಿ ಹೇಳಿದೆ. ಶಾಸಕರು ಪೆನ್ನು ಎತ್ತಿದವರು ಮೆಲ್ಲಗೆ ಕೆಳಗಿಟ್ಟರು.

"ಮೋರಿ ಮಾತ್ರ ಕೇಳಬೇಡಿ ಅಂತ ಅಮ್ಮನಿಗೆ ಹೇಳಿ. ನಮ್ಮ ಬೀದಿ ಮೋರಿ ಸರಿ ಮಾಡಿಸ್ತೀನಿ ಅಂತಲೇ ನಾನು ಮೊದಲ ಚುನಾವಣೆಗೆ ನಿಂತದ್ದು. ಅದು ಇವತ್ತಿಗೂ ಕಟ್ಟಿಕೊಂಡೇ ಇದೆ."