ದೇವರ ಹಿಂದಿದ್ದ ರಿಮ್ಮು

ಇಸ್ಪೀಟಿನ ಚಟ ಇರುವವನಿಗೆ ಜನ ಬುದ್ಧಿ ಹೇಳಿ ಸುಮ್ಮನಾಗುತ್ತಾರೆ. ಹಳೇ ರೇಸ್ ಸೈಕಲ್ ಕೂಡಿಹಾಕುವ ಚಟ ಇರುವವನಿಗೆ ಮಾತ್ರ ಎಲ್ಲರೂ ಸಹಾಯ ಮಾಡಲು ಬರುತ್ತಾರೆ. ನನಗಾದ ಫಜೀತಿಗಳಲ್ಲಿ ಮುಕ್ಕಾಲು ಪಾಲು ಹೀಗೆ ಸಹಾಯಕ್ಕೆ ಬಂದವರಿಂದಲೇ ಆದದ್ದು. ಒಂದನ್ನು ಮರೆಯುವುದರೊಳಗೆ ಇನ್ನೊಂದು ಆಗಿರುತ್ತದೆ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವವನು. ಹಗಲೆಲ್ಲ ಚರಂಡಿ, ಮೋರಿಗಳ ಗೆರೆ ಎಳೆಯುತ್ತೇನೆ, ಉಳಿದ ಹೊತ್ತು ಸೈಕಲ್ಲು. ರೇಸ್ ಸೈಕಲ್ ಎಂದರೆ ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿರುವ, ಒಂದು ಕೈಯಲ್ಲಿ ಎತ್ತಬಹುದಾದ ಸೈಕಲ್ಲು. ಅಂಥವು ನಮ್ಮ ಮನೆಯಲ್ಲಿ ಒಂಬತ್ತು ಸೇರಿದ್ದವು. ಹೆಂಡತಿಯ ಪ್ರಕಾರ ಹತ್ತೊಂಬತ್ತು. ಬಿಚ್ಚಿಟ್ಟ ಚಕ್ರಗಳನ್ನೂ ಅವಳು ಸೇರಿಸಿ ಹೇಳುತ್ತಿದ್ದಳು.

1. ಓನರ್ ಮಾಡಿದ ಉಪಕಾರ

ತೊಂಬತ್ತರ ದಶಕದ ಶುರುವಿನಲ್ಲಿ ನಾವು ಜೆ.ಪಿ. ನಗರದಲ್ಲಿ ಬಾಡಿಗೆಗಿದ್ದೆವು. ಮನೆ ಓನರ್ ಅಲ್ಲಿನ ಹಳೇ ರೈತರು. ಅವರ ರಾಗಿ ಹೊಲದ ಮೇಲೇ ನಮ್ಮ ಬೀದಿ ಎದ್ದಿತ್ತು. ನಾನು ಮೊದಲನೇ ರೇಸ್ ಸೈಕಲ್ ತಂದ ದಿನ ಅವರು ಹಸು ಕೊಳ್ಳುವವರ ಹಾಗೆ ಅದರ ಸುತ್ತ ಒಂದು ಸಲ ನಡೆದರು.

"ಸ್ಟ್ಯಾಂಡ್ ಎಲ್ಲಿ?"

"ಇದಕ್ಕೆ ಬರಲ್ಲ ಸಾರ್."

"ಕ್ಯಾರಿಯರ್ರು? ಬೆಲ್ಲು? ಮಡ್‌ಗಾರ್ಡು?"

"ಯಾವುದೂ ಇರಲ್ಲ ಸಾರ್. ಇದು ಇರೋದೇ ಹೀಗೆ."

ಅವರು ಒಳಗೆ ಹೋದರು. ಆಮೇಲೆ ಅವರ ಹೆಂಡತಿಗೆ, "ಪಾಪ, ಒಂದೊಂದೇ ಬಿಚ್ಚಿ ಮಾರ್ಕೊಂಡು ನಮ್ಗೆ ಬಾಡ್ಗೆ ಕಟ್ಟವ್ನೆ" ಎನ್ನುವುದು ನಮ್ಮ ಅಡುಗೆಮನೆಗೆ ಕೇಳಿಸಿತು.

ಒಂದು ವಾರ ಬಿಟ್ಟು ಆಫೀಸಿನಿಂದ ಬಂದು ನೋಡುತ್ತೇನೆ, ಸೈಕಲ್ಲಿಗೆ ಹಾಲಿನ ಕ್ಯಾನು ಹೊರುವಂಥ ಸ್ಟ್ಯಾಂಡು, ಅಗಲವಾದ ಕ್ಯಾರಿಯರ್ರು, ತೆಂಗಿನಕಾಯಿ ಹೋಳಿನಷ್ಟು ದೊಡ್ಡ ಬೆಲ್ಲು ಬಂದಿವೆ. ಓನರ್ ಪಕ್ಕದಲ್ಲೇ ನಿಂತಿದ್ದರು. "ಮಡ್‌ಗಾರ್ಡ್ ಒಂದು ಬಾಕಿ ಐತೆ. ಯುಗಾದಿಗೆ ಹಾಕುಸ್ಕೊಡ್ತೀನಿ, ಯೋಚ್ನೆ ಮಾಡ್ಬೇಡ" ಎಂದರು.

ಅಷ್ಟು ಪ್ರೀತಿಯಿಂದ ಹಾಕಿಸಿದ್ದನ್ನು ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಭಾನುವಾರ ಅಂಜನಾಪುರದ ಕಡೆ ಹೋಗುವಾಗ ಬೀದಿ ಕೊನೆಯ ಹಾಲಿನ ಬೂತಿನಲ್ಲಿ ಅವನ್ನೆಲ್ಲ ಬಿಚ್ಚಿಟ್ಟು, ಬರುವಾಗ ಮತ್ತೆ ಹಾಕಿಕೊಂಡು ಬರುತ್ತಿದ್ದೆ. ಬೂತಿನವನು ನಾಲ್ಕು ವಾರ ನೋಡಿದ. ಐದನೇ ವಾರ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ದುಡ್ಡು ಬೇಕಿದ್ರೆ ಬಾಯ್ಬಿಟ್ಟು ಕೇಳಿ. ಹಿಂಗೆ ಪಾರ್ಟ್ ಅಡ ಇಡೋದು ಬೇಡ" ಎಂದ.

2. ಕಳಿಸಿಕೊಟ್ಟದ್ದು

ಹತ್ತು ವರ್ಷ ಕಳೆದು ನಾವು ಜಯನಗರಕ್ಕೆ ಬಂದ ಮೇಲಿನ ಮಾತು. ಹನುಮಂತನಗರದ ಒಬ್ಬ ಯಜಮಾನರ ಮನೆ ಅಟ್ಟದ ಮೇಲೆ ಅವರ ಕಾಲದ ರೇಸ್ ಸೈಕಲ್ಲಿದೆ ಎಂದು ಸುದ್ದಿ ಬಂತು. ಹೋದೆ. ಅವರಿಗೆ ಎಪ್ಪತ್ತನಾಲ್ಕು ವರ್ಷ. ನನ್ನನ್ನು ಕೂರಿಸಿ, ಗಂಡು ನೋಡಲು ಬಂದವರ ಹಾಗೆ ಊರು, ಕೆಲಸ, ಸಂಬಳ ಎಲ್ಲ ವಿಚಾರಿಸಿದರು. ಕೊನೆಗೆ, "ಮನೇಲಿ ಆಗಲೇ ಎಷ್ಟಿವೆ?" ಎಂದರು.

"ಒಂಬತ್ತು ಸಾರ್."

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಒಂದನ್ನ ಕಟ್ಕೊಂಡೇ ನನ್ನ ಗತಿ ಹೀಗಾಗಿದೆ. ಆಯಮ್ಮ ಹೇಗಿದಾಳೋ ಪಾಪ."

ಆಮೇಲೆ ಯಜಮಾನರು ಸೈಕಲ್ಲಿನ ಕಥೆ ಹೇಳಿದರು. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಕನಕಪುರ ರಸ್ತೆಯಿಂದ ಲಾಲ್‌ಬಾಗ್ ಗೇಟಿನವರೆಗೆ ಒಂದು ರೇಸಿನಲ್ಲಿ ಓಡಿಸಿದ್ದರಂತೆ. ಇದ್ದದ್ದು ಏಳು ಜನ, ಎಲ್ಲರಿಗಿಂತ ಮುಂದೆ ಇವರು. ಗೇಟು ಇನ್ನೊಂದು ಫರ್ಲಾಂಗ್ ಇದೆ ಎನ್ನುವಾಗ ಗುಂಡಿಗೆ ಇಳಿದು ಮುಂದಿನ ಚಕ್ರದ ರಿಮ್ಮು ಹಪ್ಪಳದ ಹಾಗೆ ಮುದುರಿಕೊಂಡಿತು. ಹಿಂದೆ ಬರುತ್ತಿದ್ದ ಗೆಳೆಯ ಗೆದ್ದ. ಉಳಿದವರೂ ಒಬ್ಬೊಬ್ಬರಾಗಿ ದಾಟಿಕೊಂಡು ಹೋದರು. ಆ ಗೆಳೆಯ ಈಗ ವಿಲ್ಸನ್ ಗಾರ್ಡನ್ನಿನಲ್ಲಿದ್ದಾರೆ. ವಾರಕ್ಕೊಮ್ಮೆ ವಾಕಿಂಗಿನಲ್ಲಿ ಸಿಗುತ್ತಾರೆ. ನಲವತ್ತಾರು ವರ್ಷದಿಂದ ಸಿಕ್ಕಾಗಲೆಲ್ಲ ಅವರ ಮೊದಲನೇ ಮಾತು, "ರಿಮ್ಮು ಸರಿಹೋಯ್ತೇನೋ?"

"ದುಡ್ಡು ಬೇಡ, ತಗೊಂಡ್ಹೋಗಿ" ಎಂದರು ಯಜಮಾನರು. "ರೆಡಿ ಆದ್ಮೇಲೆ ಮೊದಲನೇ ರೌಂಡು ನಂದು. ದಸರಾ ಆದ್ಮೇಲೆ ನನಗೆ ಮಂಡಿ ಆಪರೇಷನ್ನು. ಆಮೇಲೆ ಸೈಕಲ್ ಗೀಕಲ್ ಮುಟ್ಟಂಗಿಲ್ಲ ಅಂದಿದಾರೆ ಡಾಕ್ಟ್ರು. ಅಷ್ಟರೊಳಗೆ ಆಗ್ಬೇಕು."

ಅಗತ್ಯವಾಗಿ ಆಗುತ್ತದೆ ಎಂದು ಮಾತು ಕೊಟ್ಟೆ. ಮಂಗಳವಾರ ಕಳಿಸುವ ಹಾಗಿಲ್ಲ, ಬುಧವಾರ ರಾಹುಕಾಲ ಕಳೆಯಬೇಕು ಎಂದು ಎರಡು ದಿನ ಕಾಯಿಸಿದರು. ಹೊರಡುವಾಗ ಅವರ ಹೆಂಡತಿ ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದರು. ಯಜಮಾನರು ಕಣ್ಣು ಒರೆಸಿಕೊಂಡು ಒಳಗೆ ಹೋದರು. ಆಕೆ ಗೇಟಿನವರೆಗೂ ಬಂದು ಮೆಲ್ಲಗೆ, "ಏನೇ ಆದ್ರೂ ವಾಪಸ್ ಮಾತ್ರ ತರಬೇಡಿ" ಎಂದರು.

3. ಇಡ್ಲಿ ತಟ್ಟೆ

ಮುಂದಿನ ಭಾನುವಾರವೇ ಯಜಮಾನರು ಸೈಕಲ್ ನೋಡಲು ಬಂದುಬಿಟ್ಟರು. ಅದು ನಮ್ಮ ಹಾಲಿನಲ್ಲಿ ಹಳೇ ಪೇಪರಿನ ಮೇಲೆ ತುಂಡು ತುಂಡಾಗಿ ಹರಡಿತ್ತು. ಬೇರಿಂಗಿನ ಗುಂಡುಗಳು ಒಂದಕ್ಕೊಂದು ಬೆರೆಯದಿರಲಿ ಎಂದು ಅಳತೆವಾರು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕಿ ಸೀಮೆಎಣ್ಣೆಯಲ್ಲಿ ನೆನೆಸಿದ್ದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಬರೀ ಉಪ್ಪಿಟ್ಟು.

ಅವರು ಗೋಡೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. "ಏನ್ರೀ ಮಾಡಿದ್ರಿ ಇದನ್ನ?"

"ಸರ್ವೀಸ್ ಸಾರ್. ಎಲ್ಲಾ ಬಿಚ್ಚಿ ತೊಳೆದು ಮತ್ತೆ ಜೋಡಿಸ್ತೀನಿ."

ಅವರು ಸ್ವಲ್ಪ ಹೊತ್ತು ತಮ್ಮ ಮಂಡಿ ಸವರಿಕೊಂಡರು. "ನನಗೆ ಆಪರೇಷನ್ ಮಾಡೋ ಡಾಕ್ಟ್ರೂ ಹೀಗೇ ಬಿಚ್ಚಿ ಇಡ್ತಾನಾ?"

ಕಾಫಿ ತಂದ ನನ್ನ ಹೆಂಡತಿ ಲೋಟ ಅವರ ಕೈಗೆ ಕೊಡುತ್ತಾ, "ಇಡ್ಲಿ ತಟ್ಟೇಲಿ ಇಡಲ್ಲ ಬಿಡಿ ಅಂಕಲ್" ಎಂದಳು.

4. ಅಳತೆ

ಶ್ರಾವಣ ಕಳೆಯುವ ಹೊತ್ತಿಗೆ ಎಲ್ಲವೂ ಸಿದ್ಧವಾಗಿತ್ತು, ಮುಂದಿನ ರಿಮ್ಮು, ಅದರ ಟಯರು ಬಿಟ್ಟು. ಬೇಕಾದದ್ದು ಹಳೇ ಕಾಲದ ಅಲ್ಯೂಮಿನಿಯಂ ರಿಮ್ಮು, ಕಡ್ಡಿ ಸಿಕ್ಕಿಸಲು ಮೂವತ್ತೆರಡು ತೂತು ಇರುವಂಥದ್ದು. ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಬಂದೆ, ಸಿಗಲಿಲ್ಲ. ದಸರಾ ಹತ್ತಿರ ಬರುತ್ತಿತ್ತು. ಯಜಮಾನರ ಮುಖ ನೋಡಲು ನನಗೆ ನಾಚಿಕೆಯಾಗಲು ಶುರುವಾಯಿತು.

ಆ ಸಲ ಗಣೇಶನ ಹಬ್ಬಕ್ಕೆ ಬನಶಂಕರಿಯ ಮಾವನ ಮನೆಗೆ ಹೋಗಿದ್ದೆವು. ಬೀದಿಯ ಪೆಂಡಾಲಿನಲ್ಲಿ ಕೈ ಮುಗಿದು ತಲೆ ಎತ್ತಿದರೆ, ದೇವರ ತಲೆಯ ಹಿಂದೆ ನನ್ನ ರಿಮ್ಮು. ಅದಕ್ಕೆ ಜರಿ ಸುತ್ತಿ, ಒಂದೊಂದು ತೂತಿಗೂ ಒಂದೊಂದು ಸೀರಿಯಲ್ ಬಲ್ಬು ಸಿಕ್ಕಿಸಿ ಪ್ರಭಾವಳಿ ಮಾಡಿದ್ದರು. ನಾನು ಬೆರಳಿನಲ್ಲಿ ಬಲ್ಬು ಎಣಿಸಿದೆ. ಮೂವತ್ತೊಂದು. ಮತ್ತೆ ಎಣಿಸಿದೆ, ಮತ್ತೆ ಮೂವತ್ತೊಂದು. ಮೂರನೇ ಸಲ ಚೆಂಡುಹೂವಿನ ಹಿಂದೆ ಬಲ್ಬಿಲ್ಲದ ಒಂದು ತೂತು ಕಂಡಿತು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ನೋಡೇ, ಏನು ಜಪ ಮಾಡ್ತಾನೆ ಹುಡುಗ" ಎಂದು ಸೊಸೆಗೆ ತೋರಿಸಿದರು.

ಉಳಿದದ್ದು ಅಳತೆ. ನಕ್ಷೆ ಬರೆಯುವವನ ಜೇಬಿನಲ್ಲಿ ಟೇಪ್ ಇದ್ದೇ ಇರುತ್ತದೆ. ಅರ್ಚಕರನ್ನು ಕೇಳಿ ಹಿಂದಿನಿಂದ ಹೋಗಿ ಅಡ್ಡ, ಉದ್ದ ಅಳೆದು ಚೀಟಿಯಲ್ಲಿ ಬರೆದುಕೊಂಡೆ. ಇಳಿದು ಬರುವಾಗ ಬೀದಿ ಸಂಘದ ಅಧ್ಯಕ್ಷರು ಎದುರಿಗೆ ನಿಂತಿದ್ದರು.

"ಪ್ರಭಾವಳಿ ಅಳತೆ ತಗೊಂಡ್ರಾ ಸಾರ್?"

"ಹೂಂ ಸಾರ್. ಸರಿಯಾಗಿದೆ."

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ದೇವರ ಪ್ರಭಾವಳಿಯ ಅಳತೆಯನ್ನು ಯಾರು ಯಾಕೆ ತೆಗೆದುಕೊಳ್ಳುತ್ತಾರೆ ಎನ್ನುವುದು ನನಗೆ ಹೊಳೆಯುವುದರೊಳಗೆ ಅವರು ಮೈಕಿನ ಮುಂದಿದ್ದರು. "ನಮ್ಮ ಬೀದಿಯ ಅಳಿಯಂದಿರು ಸ್ವಾಮಿಗೆ ಬೆಳ್ಳಿ ಪ್ರಭಾವಳಿ ಮಾಡಿಸಿಕೊಡುವ ಸಂಕಲ್ಪ ಮಾಡಿ, ಈಗತಾನೆ ಅಳತೆ ತೆಗೆದುಕೊಂಡಿದ್ದಾರೆ."

ಜನ ಚಪ್ಪಾಳೆ ತಟ್ಟಿದರು. ಅತ್ತೆಯವರು ಸೆರಗು ಕಣ್ಣಿಗೆ ಒತ್ತಿಕೊಂಡರು. ಪ್ರಸಾದದ ಸಾಲಿನಲ್ಲಿದ್ದ ನನ್ನ ಹೆಂಡತಿ ಚಿತ್ರಾನ್ನದ ದೊನ್ನೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಮಾವನ ಬೀದಿಯಲ್ಲಿ ಮೈಕಿನಲ್ಲಿ ಹೇಳಿದ ಮಾತನ್ನು ಇಲ್ಲ ಎನ್ನಲು ಯಾವ ಅಳಿಯನಿಗೆ ಸಾಧ್ಯ? ಕೊನೆಗೆ ಜರ್ಮನ್ ಸಿಲ್ವರಿಗೆ ಅಧ್ಯಕ್ಷರನ್ನು ಒಪ್ಪಿಸಿ, ವಿಸರ್ಜನೆಯ ಹಿಂದಿನ ದಿನ ಹೊಸ ಪ್ರಭಾವಳಿ ತಂದುಕೊಟ್ಟೆ. "ಹಳೇದನ್ನ ನಾನು ಮನೆಗೆ ತಗೊಂಡ್ಹೋಗಬಹುದಾ?" ಎಂದು ಕೇಳಿದಾಗ ಅವರು ಸುತ್ತಲಿನವರಿಗೆ, "ಭಕ್ತಿ ಅಂದ್ರೆ ಇದು, ಕಲ್ತ್ಕೊಳ್ರಪ್ಪ" ಎಂದರು.

ಮನೆಗೆ ಬರುವಾಗ ಹೆಂಡತಿ ಒಂದೇ ಮಾತು ಆಡಿದಳು. "ಬೆಳ್ಳಿ ದೇವರಿಗೆ, ಕಬ್ಬಿಣ ನಮಗೆ."

"ಕಬ್ಬಿಣ ಅಲ್ಲ ಕಣೆ, ಅಲ್ಯೂಮಿನಿಯಂ" ಎಂದೆ. ಆಮೇಲೆ ಮೂರು ದಿನ ಅವಳು ಮಾತಾಡಲಿಲ್ಲ.

5. ಪಾಲಿಶ್ ಫ್ರೀ

ಇನ್ನು ಟಯರು. ಹಳೇ ರೇಸ್ ಸೈಕಲ್ಲಿನ ಟಯರಿನಲ್ಲಿ ಟ್ಯೂಬನ್ನು ಒಳಗೇ ಇಟ್ಟು ಸುತ್ತ ಹೊಲಿದಿರುತ್ತಾರೆ, ಅದನ್ನು ಗೋಂದು ಹಚ್ಚಿ ರಿಮ್ಮಿಗೆ ಅಂಟಿಸಬೇಕು. ಪಂಕ್ಚರ್ ಆಗಿದ್ದ ಒಂದನ್ನು ಬಿ.ಟಿ.ಎಂ. ಲೇಔಟಿನ ಪಂಕ್ಚರ್ ಅಂಗಡಿಗೆ ಒಯ್ದೆ. ಅವನು ಅರ್ಧ ಗಂಟೆ ತಿರುಗಿಸಿ ನೋಡಿ, "ಟ್ಯೂಬೇ ಸಿಕ್ತಿಲ್ಲ ಸಾರ್" ಎಂದ. ವಿವರಿಸಿದೆ. "ಗೋಂದಲ್ಲಿ ಅಂಟ್ಸಿರೋ ಚಕ್ರದ ಮೇಲೆ ಯಾರ್ ಸಾರ್ ಕೂರ್ತಾರೆ?" ಎಂದ.

"ಎಪ್ಪತ್ನಾಲ್ಕು ವರ್ಷದೋರು ಒಬ್ರು ಇದಾರೆ" ಎಂದೆ. ಅವನು ಟಯರನ್ನು ಹಾಗೇ ವಾಪಸ್ ಕೊಟ್ಟ.

ಕೊನೆಗೆ ಹೊಲಿಗೆ ಬಿಚ್ಚಿ ನಾನೇ ಪಂಕ್ಚರ್ ಹಾಕಿದೆ. ಮತ್ತೆ ಹೊಲಿಯಲು ನಮ್ಮ ಬಸ್ ಸ್ಟಾಪಿನ ಪಕ್ಕ ಚಪ್ಪಲಿ ಹೊಲಿಯುವವರ ಹತ್ತಿರ ಹೋದೆ. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಂಜೆ ಹೋದರೆ ಮೊದಲಿಗಿಂತ ಚೆನ್ನಾದ ಹೊಲಿಗೆ. ಅಷ್ಟೇ ಅಲ್ಲ, ರಸ್ತೆ ಮುಟ್ಟುವ ಜಾಗವೂ ಸೇರಿ ಇಡೀ ಟಯರು ಕನ್ನಡಿಯ ಹಾಗೆ ಮಿರಮಿರ ಹೊಳೆಯುತ್ತಿತ್ತು.

"ಕರಿ ಪಾಲಿಶ್ ಹೊಡ್ದಿದೀನಿ ಸಾರ್, ಅದು ಫ್ರೀ. ಇನ್ನೊಂದು ಕಾಲಿಂದೂ ತಂದ್ಬಿಡಿ."

6. ಮೊದಲನೇ ರೌಂಡು

ದಸರಾಗೆ ಇನ್ನು ಕೆಲವೇ ದಿನವಿದ್ದಾಗ ಸೈಕಲ್ ಸಿದ್ಧವಾಯಿತು. ಭಾನುವಾರ ಬೆಳಿಗ್ಗೆ ಏಳಕ್ಕೆ ಯಜಮಾನರು ಬಂದರು. ಹೆಂಡತಿಗೆ ವಾಕಿಂಗ್ ಎಂದು ಹೇಳಿ ಬಂದಿದ್ದರಂತೆ. ಪ್ಯಾಂಟಿನ ತುದಿಯನ್ನು ಕಾಲ್ಚೀಲದೊಳಗೆ ಸೇರಿಸಿಕೊಂಡು, ಮುಂದಿನ ಚಕ್ರ ಎತ್ತಿ ತಿರುಗಿಸಿ ಕಿವಿಗೊಟ್ಟು ಕೇಳಿದರು. ಆಮೇಲೆ ಹತ್ತಿದರು. ನಾನು ಸೀಟು ಹಿಡಿದುಕೊಂಡಿದ್ದೆ.

"ಬಿಡ್ರೀ. ಈ ಮೇನ್ ರೋಡಲ್ಲಿ ಒಂದು ರೌಂಡು, ಅಷ್ಟೇ."

ಬಿಟ್ಟೆ. ನಡೆಯುವಾಗ ಕುಂಟುವ ಮನುಷ್ಯ, ತಿರುವಿನವರೆಗೆ ನೀರು ಹರಿದ ಹಾಗೆ ಹೋದರು. ನೋಡಿ ನನಗೆ ಹೆಮ್ಮೆಯಾಯಿತು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಬರಲಿಲ್ಲ. ಸ್ಕೂಟರಿನಲ್ಲಿ ಹತ್ತು ಕ್ರಾಸು ಸುತ್ತಿದೆ. ಮನೆಗೆ ಬಂದರೆ ಫೋನು, ಯಜಮಾನರ ಹೆಂಡತಿ. "ನಮ್ಮನೆಯವರು ಅಲ್ಲಿಗೆ ಬಂದಿದಾರಾ?"

"ಬಂದಿದ್ರು ಅಮ್ಮ."

"ಬಂದಿದ್ರು ಅಂದ್ರೆ?"

ಏನೋ ಹೇಳಿ ಇಟ್ಟುಬಿಟ್ಟೆ. ಆಪರೇಷನ್ನಿಗೆ ಮೊದಲೇ ಮಂಡಿ ಮುರಿಸಿದ ಪಾಪ ನನ್ನ ತಲೆಗೇ ಬಂತು ಎಂದುಕೊಂಡು ಕೂತಿದ್ದಾಗ ಮತ್ತೆ ಫೋನು. ಪರಿಚಯವಿಲ್ಲದ ವಯಸ್ಸಾದ ದನಿ. "ವಿಲ್ಸನ್ ಗಾರ್ಡನ್ನಿಂದ ಮಾತಾಡ್ತಿರೋದು. ನಿಮ್ಮದೊಂದು ಸೈಕಲ್ ಬಂದಿದೆ, ಜೊತೆಗೆ ಒಬ್ಬ ಕ್ರಿಮಿನಲ್ಲೂ ಬಂದಿದಾನೆ. ಬೇಗ ಬನ್ನಿ."

ಓಡಿದೆ. ಅಂಗಳದಲ್ಲಿ ಎರಡು ಕುರ್ಚಿ, ಎರಡು ಲೋಟ ಕಾಫಿ, ಇಬ್ಬರು ಮುದುಕರ ಜಗಳ. ಯಜಮಾನರಿಗೆ ಒಂದು ಗೀಚೂ ಆಗಿರಲಿಲ್ಲ. ಲಾಲ್‌ಬಾಗ್ ಗೇಟಿನ ಬಳಿ ಆ ಬಾಕಿ ಒಂದು ಫರ್ಲಾಂಗನ್ನು ತುಳಿದು ಮುಗಿಸಿ ನೇರ ಗೆಳೆಯನ ಮನೆಗೆ ಬಂದಿದ್ದರು. ನನ್ನನ್ನು ಕಂಡದ್ದೇ ಇಬ್ಬರೂ ತೀರ್ಪು ಹೇಳಿ ಎಂದು ಹಿಡಿದುಕೊಂಡರು.

"ರೇಸ್ ಮುಗಿಸಿ ಬಂದಿದೀನಿ, ನಾನು ಎಷ್ಟನೆಯವನು ಹೇಳಿ ಇವನಿಗೆ" ಎಂದರು ಯಜಮಾನರು.

"ನಲವತ್ತಾರು ವರ್ಷ ಲೇಟಾಗಿ ಬಂದ್ರೆ ಎಷ್ಟನೆಯವನಾಗ್ತಾನೆ?" ಎಂದರು ಗೆಳೆಯ. "ಏಳು ಜನದಲ್ಲಿ ಏಳನೆಯವನು."

"ನಡುವಿನ ಐದು ಜನ ಈಗ ಎಲ್ಲೋ ಇದಾರೆ? ಒಬ್ಬೊಬ್ರನ್ನೂ ನಾವೇ ಹೆಗಲು ಕೊಟ್ಟು ಕಳಿಸಿ ಬಂದ್ವಲ್ಲೋ."

ಗೆಳೆಯ ಬೆರಳು ಮಡಿಸುತ್ತಾ ಐದು ಹೆಸರು ಹೇಳಿಕೊಂಡರು.

"ಸರಿ ಹಾಗಾದ್ರೆ, ಇರೋರಲ್ಲಿ ಸೆಕೆಂಡು" ಎಂದರು ಗೆಳೆಯ.

"ಸೆಕೆಂಡ್ ಬಂದೆ ಕಣ್ರೀ" ಎಂದರು ಯಜಮಾನರು ನನಗೆ. ಆ ಮುಖ ನೋಡಿದ ಮೇಲೆ ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

ಅವರ ಮನೆಗೆ ಫೋನು ಮಾಡಿ ವಿಷಯ ತಿಳಿಸಿ, ಒಂದು ಆಟೋ ಕರೆದು ಅವರನ್ನು ಕೂರಿಸಿದೆ. ದಾರಿಯಲ್ಲಿ ನಮ್ಮ ಮನೆಯಲ್ಲಿ ಇಳಿಸಿಕೊಳ್ಳಲು ಸೈಕಲ್ಲನ್ನು ಚಕ್ರ ಬಿಚ್ಚಿ ಅವರ ಕಾಲ ಬಳಿ ಇಟ್ಟೆ. ಇನ್ನೇನು ಸ್ಕೂಟರ್ ಹತ್ತಬೇಕು, ವಿಲ್ಸನ್ ಗಾರ್ಡನ್ನಿನ ಗೆಳೆಯ ಮೊಣಕೈ ಹಿಡಿದು ನನ್ನನ್ನು ಗೇಟಿನ ಮರೆಗೆ ಎಳೆದುಕೊಂಡರು. ಆಟೋ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದರು.

"ಅವನ ಆಪರೇಷನ್‌ಗೆ ಇನ್ನೂ ಹತ್ತು ದಿನ ಇದೆಯಂತಲ್ಲ, ಅಷ್ಟರೊಳಗೆ ಇಂಥದ್ದೇ ಇನ್ನೊಂದು ರೆಡಿ ಮಾಡಿಕೊಡ್ತೀರಾ? ಆಪರೇಷನ್ ಆದ್ಮೇಲೆ ರೇಸಲ್ಲಿ ನಾನು ಗೆದ್ದರೆ ಮಂಡಿ ನೆಪ ಹೇಳ್ತಾನೆ ಬಡ್ಡೀಮಗ."