ಹೆಸರಿಗಾಗಿ ಹಕ್ಕರಕಿ

ನನಗೆ ಮರೆವಿದೆ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ರೋಣದ ಶಾಲೆಯಲ್ಲಿ ಮೂವತ್ತು ವರ್ಷ ಪುಸ್ತಕ ನೋಡದೆ ಮಕ್ಕಳ ಹಾಜರಿ ಕೂಗಿದವನು ನಾನು. ಆದರೂ ಒಂದೇ ಚಹಾಕ್ಕೆ ಮೂರು ಸಲ ಸಕ್ಕರೆ ಹಾಕಿದ್ದನ್ನು ಕಂಡ ಹೆಂಡತಿ ನನ್ನನ್ನು ಗಜೇಂದ್ರಗಡದ ದವಾಖಾನೆಗೆ ಕರೆದೊಯ್ದಳು. ನನ್ನ ಅಪ್ಪ ಕೊನೆಗಾಲದಲ್ಲಿ ನನ್ನನ್ನೇ "ನೀವು ಯಾರ ಪೈಕಿರಿ?" ಎಂದು ಕೇಳುತ್ತಿದ್ದರು. ಅದನ್ನು ಅವಳೂ ಮರೆತಿರಲಿಲ್ಲ, ನಾನೂ ಮರೆತಿರಲಿಲ್ಲ.

ಡಾಕ್ಟರಮ್ಮ ವಾರ, ತಿಂಗಳು, ಊರು ಕೇಳಿದರು. ಪಟಪಟನೆ ಹೇಳಿದೆ. ಆಮೇಲೆ "ನಿಮ್ಮ ಮನಿಯವರ ಹೆಸರೇನ್ರಿ ಮಾಸ್ತರ?" ಎಂದರು. ಅಲ್ಲಿ ನಿಂತುಬಿಟ್ಟೆ. ನಮ್ಮ ಕಡೆ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿಯೆಲ್ಲಿದೆ? ಮೂವತ್ತೆಂಟು ವರ್ಷ "ಏ, ಇಲ್ನೋಡ" ಎಂದೇ ಸಂಸಾರ ನಡೆದಿದೆ. ಅದರ ಮೇಲೆ ಅವಳಿಗೆ ಎರಡು ಹೆಸರು. ಮುಶಿಗೇರಿಯ ತವರಿನಲ್ಲಿ ಶಾಂತವ್ವ; ಮದುವೆಯಲ್ಲಿ ನಮ್ಮವರು ಅಕ್ಕಿಯ ಮೇಲೆ ಬರೆಸಿದ ಹೊಸ ಹೆಸರು ಗಿರಿಜಾ. ಯಾವುದನ್ನು ಹೇಳುವುದು? ಅಷ್ಟರಲ್ಲಿ ಡಾಕ್ಟರಮ್ಮ ಏನೋ ಬರೆದುಕೊಂಡಿದ್ದರು. ಬಸ್ಸಿನಲ್ಲಿ ಇದನ್ನೆಲ್ಲ ವಿವರಿಸಿದೆ. "ಎರಡ್ರಾಗ ಒಂದರ ಹೇಳಬೇಕಿತ್ತಲ್ರಿ" ಎಂದವಳು ರೋಣ ಬರುವವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಮರುದಿನದಿಂದ ಪಥ್ಯ. ತಪ್ಪಲಪಲ್ಲೆ, ಕಾಳು, ಹಣ್ಣು ವಯಸ್ಸಾದವರ ಮಿದುಳಿಗೆ ಒಳ್ಳೆಯದೆಂದು ಡಾಕ್ಟರಮ್ಮ ಹೇಳಿದ್ದರು. ರೊಟ್ಟಿಯ ಪಕ್ಕ ಒಂದೆರಡು ಎಸಳು ಇರುತ್ತಿದ್ದ ಹಸಿ ಹಕ್ಕರಕಿ ಸೊಪ್ಪು ಈಗ ತಟ್ಟೆ ತುಂಬ ಬಂತು. ಜೊತೆಗೆ ಅಗಸಿ ಚಟ್ನಿಪುಡಿ, ಮೊಳಕೆ ಹೆಸರುಕಾಳು, ನೆನೆಸಿದ ಅಕ್ರೋಡ. ಸಂಜೆಯ ಮಿರ್ಚಿ ಭಜಿ ಬಂದ್ ಆಯಿತು. ಮೆಣಸಿನಕಾಯಿಯೂ ಗಿಡದ್ದೇ, ಕಡಲೆಯೂ ಗಿಡದ್ದೇ, ಎಣ್ಣೆಯೂ ಗಿಡದ್ದೇ ಎಂದು ವಾದಿಸಿದೆ. "ನಿಮ್ಮ ತಲಿ ಇದಕ್ಕೆಲ್ಲಾ ಚಲೋ ನಡೀತೈತಿ" ಎಂದು ಇನ್ನೊಂದು ಹಿಡಿ ಹಕ್ಕರಕಿ ಹಾಕಿದಳು.

ಮೂರು ತಿಂಗಳ ನಂತರ ಮತ್ತೆ ಹೋದೆವು. ಈ ಸಲ ಪ್ರಶ್ನೆ ಮುಗಿಯುವ ಮೊದಲೇ ಎರಡೂ ಹೆಸರು ಒಂದೇ ಉಸಿರಿಗೆ ಹೇಳಿದೆ. ಡಾಕ್ಟರಮ್ಮ ಖುಷಿಯಿಂದ ನನ್ನ ಹೆಂಡತಿಯ ಕಡೆ ತಿರುಗಿದರು. "ನೀವೂ ಅರವತ್ತು ದಾಟೀರಿ. ಯಜಮಾನ್ರ ಹೆಸರ ಹೇಳ್ರಿ ನೋಡೋಣ." ಅವಳು ಸೆರಗು ಸರಿಪಡಿಸಿಕೊಂಡು ನಕ್ಕು ನೆಲ ನೋಡಿದಳು. ಗಂಡನ ಹೆಸರು ಹೇಳುವುದುಂಟೇ!

"ಆಕಿಗೆ ಗೊತ್ತೈತ್ರಿ, ಹೇಳೂದಿಲ್ಲ ಅಷ್ಟ" ಎಂದೆ.

"ಎಲ್ಲಾರೂ ಹಿಂಗ ಅಂತಾರ್ರಿ" ಎಂದು ಅವಳಿಗೂ ಅದೇ ಪಥ್ಯ ಬರೆದುಕೊಟ್ಟರು.

ಹೊರಗೆ ಬಂದಾಗ ಅವಳ ಮುಖ ಅರಳಿತ್ತು. "ಈಗ ನಂಬಿಕಿ ಬಂತ್ ನೋಡ್ರಿ. ಅವತ್ತ ನಿಮಗೂ ಹಿಂಗ ಆಗಿತ್ತು. ಗೊತ್ತಿತ್ತು, ಹೇಳಲಿಲ್ಲ ಅಷ್ಟ."

ನಾನು ಹೌದೆಂದು ತಲೆಯಾಡಿಸಿದೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಆ ರೂಢಿ, ಆ ಎರಡು ಹೆಸರು ಎಲ್ಲ ನನಗೆ ಹೊಳೆದದ್ದು ಬಸ್ಸಿನಲ್ಲಿ. ಡಾಕ್ಟರಮ್ಮನ ಎದುರು ಕೂತಾಗ ಒಂದೂ ನೆನಪಿಗೆ ಬಂದಿರಲಿಲ್ಲ. ತುಂಬ ಹೆದರಿದ್ದೆ. ಈಗ ದಿನಾ ಹಕ್ಕರಕಿ ಅಗಿಯುತ್ತ ಮನಸ್ಸಿನಲ್ಲೇ ಹಾಜರಿ ಕೂಗುತ್ತೇನೆ: ಶಾಂತವ್ವ, ಗಿರಿಜಾ. ಎದುರಿಗೆ ಕೂತು ತನ್ನ ಪಾಲಿನ ಸೊಪ್ಪನ್ನು ಶಪಿಸುತ್ತ ತಿನ್ನುವವಳಿಗೆ ಇದು ಗೊತ್ತಿಲ್ಲ. ಅವಳು ಬಿಟ್ಟ ಎಸಳುಗಳನ್ನೂ ನಾನೇ ತಿಂದು ಮುಗಿಸುತ್ತೇನೆ.